ಬಿಡಿಸಿಕೊಳ್ಳುವವರಿಲ್ಲದ ಮನೆಯಲ್ಲಿ ಏಟು

ಸಂಜೆ ಏಳೂವರೆ. ಕುಕ್ಕರ್ ಎರಡು ಸಲ ಕೂಗಿದೆ, ಮೂರನೆಯದಕ್ಕೆ ಅಮ್ಮ ಕಾಯುತ್ತಿದ್ದಾಳೆ. ಅಡುಗೆಮನೆಯ ಬಾಗಿಲಲ್ಲೇ ನಿಂತು ‘ಹದಿಮೂರೇಳ್ಲ ಎಷ್ಟು?’ ಎನ್ನುತ್ತಾಳೆ. ಮಗು ‘ಎಂಬತ್ತ...’ ಎಂದು ರಾಗ ಎಳೆಯುತ್ತದೆ. ಇನ್ನೊಮ್ಮೆ ಕೇಳಿದರೆ ಉತ್ತರವೇ ಇಲ್ಲ. ಅದರ ಕಣ್ಣು ಪುಸ್ತಕ ಬಿಟ್ಟು ಅಮ್ಮನ ಬಲಗೈ ಮೇಲೆ ನೆಟ್ಟಿದೆ. ಮುಂದೇನಾಗುತ್ತದೆ ಎಂದು ಬಹಳಷ್ಟು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಮಗ್ಗಿ ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ ತಪ್ಪಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ತಪ್ಪು ಅದೇ, ಮಗುವೂ ಅದೇ. ದೊಡ್ಡವರ ದಣಿವೊಂದು ಬೇರೆ. ಹಾಗಾಗಿ ಆ ಏಟಿನಿಂದ ಮಗು ತೊಂಬತ್ತೊಂದನ್ನು ಕಲಿಯುತ್ತದೋ ಇಲ್ಲವೋ, ಯಾವ ಹೊತ್ತಿನಲ್ಲಿ ಯಾರ ಮುಖ ಹೇಗಿದೆ, ಯಾವುದನ್ನು ಬಾಯಿಬಿಡಬಹುದು, ಯಾವುದನ್ನು ನುಂಗಿಕೊಳ್ಳಬೇಕು ಎಂಬುದನ್ನು ಚೆನ್ನಾಗಿ ಕಲಿಯುತ್ತದೆ. ಮಕ್ಕಳಿಗೆ ಹೊಡೆಯಬೇಕೋ ಬೇಡವೋ ಎಂಬ ಹಳೆಯ ಜಗಳದಲ್ಲಿ ನೋವಿನ ಮಾತು ತುಂಬ ಬರುತ್ತದೆ, ಈ ನುಂಗಿಕೊಳ್ಳುವ ವಿದ್ಯೆಯ ಮಾತು ಬರುವುದು ಕಡಿಮೆ. ನನ್ನ ತಕರಾರು ಇರುವುದು ಅದರ ಬಗ್ಗೆ. ಏಟು ತಪ್ಪನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ಮುಚ್ಚಿಡುವುದನ್ನು ಕಲಿಸುತ್ತದೆ.

ಹೊಡೆಯುವ ಪಕ್ಷದವರ ಬಳಿ ಗಾದೆಗಳಿಗೆ ಬರವಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಗಿಡ ಬಗ್ಗಿಸುವವರು ಯಾರೂ ಅದಕ್ಕೆ ಬಡಿಯುವುದಿಲ್ಲ, ಪಕ್ಕದಲ್ಲೊಂದು ಗೂಟ ನೆಟ್ಟು ಮೆತ್ತಗೆ ಕಟ್ಟುತ್ತಾರೆ ಎಂಬುದು ತೋಟ ಮಾಡಿದವರಿಗೆ ಗೊತ್ತು. ‘ದಂಡಂ ದಶಗುಣಂ’ ಕಥೆ ಇನ್ನೂ ತಮಾಷೆಯದು. ಆ ಮಾತು ಬರುವ ಸಂಸ್ಕೃತ ಶ್ಲೋಕ ಕೈಯಲ್ಲೊಂದು ಕೋಲಿದ್ದರೆ ಆಗುವ ಹತ್ತು ಉಪಯೋಗಗಳ ಪಟ್ಟಿ. ಹಕ್ಕಿ, ನಾಯಿ, ಹಾವು, ದನ, ಶತ್ರು ಇವನ್ನು ಓಡಿಸಲು. ಕೆಸರಿನಲ್ಲಿ, ನೀರಿನಲ್ಲಿ, ಕತ್ತಲಲ್ಲಿ, ಕಣ್ಣು ಕಾಣದಾಗ, ಮುಪ್ಪಿನಲ್ಲಿ ಊರಿಕೊಳ್ಳಲು. ಹತ್ತರಲ್ಲಿ ಎಲ್ಲೂ ಮಗುವಿನ ಸುದ್ದಿಯಿಲ್ಲ. ಕಾನೂನಿನ ಆಸರೆಯೂ ಹೆಚ್ಚುಕಡಿಮೆ ಹೀಗೆಯೇ. 12 ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆಯ 89ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 27ನೇ ಸೆಕ್ಷನ್ ಆಗಿ ಉಳಿದಿದೆ. ಶಿಸ್ತಿನ ಏಟಿಗೆ ನ್ಯಾಯಾಲಯಗಳಲ್ಲಿ ಇದರ ನೆರಳು ಹುಡುಕಿದವರಿದ್ದಾರೆ. ಆದರೆ 1860ರಲ್ಲಿ ಸೆಕ್ಷನ್ ಬರೆದವರು ಕೊಟ್ಟ ಉದಾಹರಣೆ, ಮಗುವಿನ ಹೊಟ್ಟೆಯ ಕಲ್ಲು ತೆಗೆಸಲು ಶಸ್ತ್ರಚಿಕಿತ್ಸೆ ಮಾಡಿಸುವ ತಂದೆಯದು. ಇನ್ನುಳಿದದ್ದು ಐದು ವರ್ಷ ಮುದ್ದಿಸು, ಮುಂದಿನ ಹತ್ತು ವರ್ಷ ಹೊಡೆದು ಬೆಳೆಸು, ಹದಿನಾರಕ್ಕೆ ಗೆಳೆಯನಂತೆ ಕಾಣು ಎನ್ನುವ ಸುಭಾಷಿತ. ಅದು ಹೊಡೆ ಎಂದೇ ಹೇಳುತ್ತದೆ, ಮರೆಮಾಚುವಂತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ಮನೆಯೊಳಗೆ ಏಟು ತಿಂದವರಲ್ಲಿ ಶೇ 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಎರಡು ವರ್ಷದ ನಂತರ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಹುಣಸೆ ಬರಲು ತರಗತಿಯಿಂದ ಮರೆಯಾಯಿತು, ಪೂರ್ತಿ ಅಲ್ಲದಿದ್ದರೂ. ಮನೆಗೆ ಮಾತ್ರ ಅಂಥದ್ದೊಂದು ನೇರ ನಿಷೇಧ ಬರಲಿಲ್ಲ. ಈಗ ಮೇಷ್ಟ್ರು ಡೈರಿಯಲ್ಲಿ ಷರಾ ಬರೆಯುತ್ತಾರೆ, ಅದು ರಾತ್ರಿ ಮನೆಯಲ್ಲಿ ಜಾರಿಯಾಗುತ್ತದೆ. ಶಾಲೆಗೆ ಬಂದು ‘ನೀವೇ ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳಲ್ಲ’ ಎನ್ನುವ ಅಪ್ಪಂದಿರೂ ಇದ್ದಾರೆ. ಕಾನೂನು ಮೇಷ್ಟ್ರ ಕೈ ಕಟ್ಟಿದ್ದು ಅವರಿಗೆ ಸೌಲಭ್ಯವೊಂದನ್ನು ಕಿತ್ತುಕೊಂಡ ಹಾಗೆ ಕಾಣುತ್ತದೆ.

ಮುಚ್ಚಿಡುವುದನ್ನು ಕಲಿಸುತ್ತದೆ ಎಂದೆನಲ್ಲ, ಅದು ಬರೀ ಅನಿಸಿಕೆಯಲ್ಲ. ಮನೋವಿಜ್ಞಾನಿಗಳಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು–ನಾಲ್ಕು ವರ್ಷದ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಶಾಲೆಯಲ್ಲಿ ಪೆನ್ಸಿಲ್ ಮರೆತು ಬಂದರೂ ಕೋಲಿನೇಟು, ಕಪಾಳಕ್ಕೆ, ಚಿವುಟು. ಇನ್ನೊಂದರಲ್ಲಿ ಗದರಿಕೆ, ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸುವುದು, ಅಷ್ಟೇ. ಮಗುವನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ಆಟಿಕೆಯೊಂದನ್ನು ಇಟ್ಟು, ಕೇಳಿಸಿದ ಸದ್ದಿನ ಮೇಲೆ ಅದೇನೆಂದು ಊಹಿಸಬೇಕು, ತಿರುಗಿ ನೋಡಕೂಡದು ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಿದ್ದರು. ತಿರುಗಿ ನೋಡದೆ ಇರುತ್ತವೆಯೇ? ಎರಡೂ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ನೋಡಿದವು. ಅಂದರೆ ಏಟಿನ ಶಾಲೆ ಆ ಮಕ್ಕಳಿಗೆ ಹೇಳಿದ ಮಾತು ಕೇಳುವುದನ್ನೇನೂ ಹೆಚ್ಚು ಕಲಿಸಿರಲಿಲ್ಲ. ‘ನೋಡಿದೆಯಾ?’ ಎಂದು ಕೇಳಿದಾಗ ವ್ಯತ್ಯಾಸ ಬಯಲಾಯಿತು. ಗದರಿಕೆಯ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಸುಳ್ಳು ಹೇಳಿದರೆ, ಏಟಿನ ಶಾಲೆಯ ಮಕ್ಕಳು ಬಹುತೇಕ ಎಲ್ಲರೂ ಇಲ್ಲ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ‘ಹಾಗಾದರೆ ಅದೇನಿರಬಹುದು?’ ಎಂದರೆ ತಿಳಿಯದವರಂತೆ ನಟಿಸಿ ಸುಳ್ಳನ್ನು ಕಾಪಾಡಿಕೊಳ್ಳುವುದರಲ್ಲೂ ಅವರೇ ಮುಂದಿದ್ದರು. ಇದು ಶಾಲೆಯಲ್ಲಿ ನಡೆದದ್ದು, ಮಕ್ಕಳ ಸಂಖ್ಯೆಯೂ ನೂರು ಮುಟ್ಟುವುದಿಲ್ಲ, ಆದ್ದರಿಂದ ಇದೊಂದರ ಮೇಲೇ ಎಲ್ಲವನ್ನೂ ಹೇರಲಾರೆ. ಆದರೂ ಮೂರು ವರ್ಷದ ಮಗು ಅಷ್ಟು ಪಳಗಿದ ಸುಳ್ಳುಗಾರ ಆಗಿದೆ ಎಂದರೆ ಅದು ಯಾವ ಅಭ್ಯಾಸದಿಂದ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಹೊಡೆತದ ಬಗೆಗಿನ ದೊಡ್ಡ ಅಧ್ಯಯನಗಳಿಗೆ ಒಂದು ಗಟ್ಟಿ ಆಕ್ಷೇಪವಿದೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟು ಹಾಕಿ ನೋಡಿದಾಗ, ಪರಿಶೀಲಿಸಿದ 17 ಪರಿಣಾಮಗಳಲ್ಲಿ 13ರಲ್ಲಿ ಏಟಿಗೂ ಕೆಡುಕಿಗೂ ನಂಟು ಕಂಡಿತು. ಒಳ್ಳೆಯದರ ಕಡೆ ಅಂಥ ನಂಟು ಒಂದರಲ್ಲೂ ಕಾಣಲಿಲ್ಲ. ಆದರೆ ತಂಟೆ ಮಾಡುವ ಮಗುವಿಗೇ ಹೆಚ್ಚು ಏಟು ಬೀಳುತ್ತದೆ, ಏಟಿನಿಂದ ತಂಟೆಯೋ ತಂಟೆಯಿಂದ ಏಟೋ ಎಂದು ಅಮೆರಿಕದ ರಾಬರ್ಟ್ ಲಾರ್ಝೆಲೆರ್‌ನಂಥವರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ನ್ಯಾಯವಾದ ಪ್ರಶ್ನೆ. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮೊದಲಿನ ತಂಟೆಯನ್ನು ಲೆಕ್ಕದಿಂದ ಕಳೆದು ನೋಡಿದ ಅಧ್ಯಯನಗಳಲ್ಲಿ ನಂಟು ಸಣ್ಣದಾಗುತ್ತದೆ, ಹೋಗುವುದಿಲ್ಲ. ಹಾಗಾಗಿ ಒಂದು ಏಟಿಗೆ ಮಗುವಿನ ಬಾಳು ಹಾಳಾಯಿತು ಎಂದು ನಾನು ಹೇಳಲಾರೆ; ಹಾಗೆ ಹೆದರಿಸುವ ಲೇಖನಗಳು ಬರೀ ತಾಯಂದಿರ ನಿದ್ದೆ ಕೆಡಿಸುತ್ತವೆ. ‘ಇವೆಲ್ಲ ಅಲ್ಲಿಯವರ ಲೆಕ್ಕ, ನಮ್ಮಲ್ಲಿ ಏಟಿನಲ್ಲೂ ಪ್ರೀತಿ ಇರುತ್ತದೆ’ ಎಂಬ ಮಾತಿಗೂ ಒಂದು ಉತ್ತರವಿದೆ. ಜೆನ್ನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು 2005ರಲ್ಲಿ ಭಾರತವೂ ಸೇರಿ ಆರು ದೇಶಗಳ ತಾಯಿ–ಮಕ್ಕಳನ್ನು ಹೋಲಿಸಿದ್ದರು. ಏಟು ಮಾಮೂಲಾಗಿರುವ ಸಮಾಜದಲ್ಲಿ ಮಕ್ಕಳಿಗೆ ಅದರ ಪೆಟ್ಟು ತುಸು ಕಡಿಮೆ ನಾಟುತ್ತದೆ, ಇದು ನಿಜ. ಆದರೆ ಅಲ್ಲಿಯೂ ಹೆಚ್ಚು ಏಟು ತಿನ್ನುವ ಮಕ್ಕಳಲ್ಲೇ ಸಿಟ್ಟು, ಆತಂಕ ಹೆಚ್ಚು. ಸಂಸ್ಕೃತಿ ಒಂದಿಷ್ಟು ರಿಯಾಯಿತಿ ಕೊಡುತ್ತದೆ, ಪೂರ್ತಿ ಮಾಫಿ ಇಲ್ಲ.

ಆ ರಿಯಾಯಿತಿ ನಮ್ಮಲ್ಲಿ ಎಲ್ಲಿಂದ ಬರುತ್ತಿತ್ತು? ಅಜ್ಜಿಯಿಂದ ಎಂದು ನನ್ನ ಊಹೆ. ತುಂಬಿದ ಮನೆಯಲ್ಲಿ ಅಪ್ಪ ಕೈ ಎತ್ತಿದರೆ ಮಗು ಓಡಿಹೋಗಿ ಸೇರಿಕೊಳ್ಳಲು ಒಂದು ಸೆರಗಿತ್ತು. ‘ಸಾಕು ಬಿಡೋ, ಇದರ ವಯಸ್ಸಲ್ಲಿ ನೀನೇನು ಕಡಿಮೆ ಇದ್ದೆಯಾ’ ಎಂಬ ಒಂದು ಮಾತಿಗೆ ಹೊಡೆಯುವವನೇ ಹುಡುಗನಾಗಿಬಿಡುತ್ತಿದ್ದ. ಆಮೇಲೆ ಬಾಸುಂಡೆಗೆ ಎಣ್ಣೆ ಸವರುತ್ತ ಅಜ್ಜಿ ಮೆಲ್ಲಗೆ ಕೇಳುತ್ತಿದ್ದಳು, ‘ನಿಜ ಹೇಳು, ಆ ಎಂಟಾಣೆ ನೀನೇ ತಗೊಂಡೆಯಾ?’ ಅಲ್ಲಿ ನಿಜ ಹೊರಬರುತ್ತಿತ್ತು. ಅಪ್ಪನ ಕೈಗೆ ಸಿಕ್ಕದ ನಿಜ ಅಜ್ಜಿಯ ಮಡಿಲಿಗೆ ಬೀಳುತ್ತಿತ್ತು. ಸೊಸೆಗೂ ಅತ್ತೆಗೂ ಈ ವಿಷಯಕ್ಕೇ ದಿನಾ ಕಿತ್ತಾಟ, ‘ನೀವು ಮುದ್ದು ಮಾಡಿಯೇ ಕೆಡಿಸಿದಿರಿ’ ಎಂಬ ದೂರು. ಮಕ್ಕಳ ಮುಂದೆ ದೊಡ್ಡವರು ಭಿನ್ನಾಭಿಪ್ರಾಯ ತೋರಿಸಬಾರದು ಎಂದು ಇಂದಿನ ಸಲಹೆಗಾರರು ಹೇಳುತ್ತಾರೆ. ಆದರೆ ಆ ಭಿನ್ನಾಭಿಪ್ರಾಯವೇ ಮಗುವಿಗೆ ಉಸಿರಾಡಲು ಸಿಗುತ್ತಿದ್ದ ಜಾಗ. ಹಾಗೆಂದು ಕೂಡು ಕುಟುಂಬವನ್ನು ಹಾಡಿ ಹೊಗಳಬೇಕಿಲ್ಲ. ಅಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಹೊಡೆಯುವ ಹಕ್ಕಿತ್ತು, ಬಿಡಿಸಿಕೊಳ್ಳುವವರಿಲ್ಲದ ಅನಾಥ ಮಗುವಿನ ಪಾಡು ಕೇಳುವುದೇ ಬೇಡ. ನಾನು ಹೇಳುವುದು ಇಷ್ಟು. ಸಂಪ್ರದಾಯ ಎಂದು ನಾವು ಏಟನ್ನು ಉಳಿಸಿಕೊಂಡೆವು, ಅದೇ ಸಂಪ್ರದಾಯದ ಇನ್ನರ್ಧವನ್ನು ಊರಲ್ಲಿ ಬಿಟ್ಟು ಬಂದೆವು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿದ ಮೇಲೆ ಹೊಡೆಯುವವರೂ ಅವರೇ, ಸಮಾಧಾನ ಮಾಡಬೇಕಾದವರೂ ಅವರೇ. ಅಜ್ಜಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಬರುತ್ತಾಳೆ, ಪಕ್ಕದಲ್ಲಿ ಅಪ್ಪ ಕೂತಿರುತ್ತಾನೆ.

‘ನಾವೂ ಏಟು ತಿಂದೇ ಬೆಳೆದವರು, ಏನಾಗಿದೆ ನಮಗೆ?’ ಎಂಬುದು ಎಲ್ಲ ಮದುವೆ ಮನೆಗಳಲ್ಲೂ ಕೇಳಿಬರುವ ವಾದ. ಇದನ್ನು ಹೇಳುವವರು ಒಂದು ದಡ ಸೇರಿದವರು. ಮೇಷ್ಟ್ರ ಕೋಲಿಗೆ ಹೆದರಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ದನ ಕಾಯಲು ಹೋದವರನ್ನು, ಮನೆ ಬಿಟ್ಟು ರೈಲು ಹತ್ತಿದವರನ್ನು ಯಾರೂ ಆ ಪಂಕ್ತಿಯಲ್ಲಿ ಕೂರಿಸಿ ಕೇಳುವುದಿಲ್ಲ. ಹೊಡೆಯದಿದ್ದರೆ ತಲೆಯ ಮೇಲೆ ಕೂರುತ್ತವೆ ಎಂಬ ಹೆದರಿಕೆಯಲ್ಲಿ ಸ್ವಲ್ಪ ಹುರುಳಿದೆ. ಕೇಳಿದ್ದೆಲ್ಲ ಕೊಟ್ಟು, ಅತ್ತರೆ ಮೊಬೈಲು ಕೈಗಿಡುವ ಮನೆಗಳನ್ನು ನೋಡಿದವರಿಗೆ ಆ ಹೆದರಿಕೆ ಸಹಜ. ಆದರೆ ಬಿಗಿಗೂ ಏಟಿಗೂ ಗಂಟು ಹಾಕಬೇಕಾಗಿಲ್ಲ. ಗೆರೆ ಹಾಕಿ, ಯಾಕೆ ಹಾಕಿದೆವೆಂದು ಹೇಳಿ, ದಾಟಿದರೆ ಹೇಳಿದ ಹಾಗೆಯೇ ನಡೆದುಕೊಳ್ಳುವ ಹೆತ್ತವರ ಮಕ್ಕಳೇ ಹೆಚ್ಚು ಜವಾಬ್ದಾರಿ ಕಲಿಯುತ್ತಾರೆ ಎಂದು ಡಯಾನಾ ಬಾಮ್ರಿಂಡ್ 1960ರ ದಶಕದಲ್ಲೇ ತೋರಿಸಿದ್ದರು. (ಹಗುರವಾದ ಏಟಿಗೆ ಆಕೆಯ ವಿರೋಧವೇನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನೂ ದಂಡಂ ದಶಗುಣಂ ಗುಂಪಿಗೆ ಸೇರಿಬಿಡುತ್ತೇನೆ.) ಇನ್ನು ಉರಿಯುವ ಸ್ಟೌವಿಗೆ ಕೈ ಚಾಚಿದ ಮಗುವನ್ನು ರಪ್ಪನೆ ಎಳೆಯುವುದು ಶಿಕ್ಷೆಯಲ್ಲ, ಅದನ್ನು ಈ ಚರ್ಚೆಗೆ ತರುವುದು ಬೇಡ.

ನನಗೆ ಅತ್ಯಂತ ಕಷ್ಟವಾಗುವ ಆಕ್ಷೇಪ ಮತ್ತೊಂದು. ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ ಹತ್ತಿ ರಾತ್ರಿ ಮನೆಗೆ ಬಂದು ಒಲೆ ಹಚ್ಚುವ ಹೆಣ್ಣುಮಗಳಿಗೆ, ಮಗುವಿನ ಎದುರು ಮಂಡಿಯೂರಿ ಕೂತು ಸಮಾಧಾನವಾಗಿ ಮಾತಾಡಿ ಎಂದು ಯಾವ ಬಾಯಲ್ಲಿ ಹೇಳುವುದು? ಹೊಡೆದವಳು ಮಗು ಮಲಗಿದ ಮೇಲೆ ಅದರ ಕೆನ್ನೆ ಸವರಿ ಅಳುತ್ತಾಳೆ. ಅವಳಿಗೆ ಬೇಕಾದದ್ದು ಉಪದೇಶವಲ್ಲ. ಸಂಜೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವ ಕೂಸಿನ ಮನೆ, ಮಗ್ಗಿಯನ್ನು ಶಾಲೆಯಲ್ಲೇ ಮುಗಿಸಿ ಕಳಿಸುವ ಮೇಷ್ಟ್ರು, ಅಡುಗೆಮನೆಗೆ ಕಾಲಿಡುವ ಗಂಡ. ಪೊಲೀಸರನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವ ಕಾನೂನೂ ನನಗೆ ಬೇಕಿಲ್ಲ. 2011ರಲ್ಲಿ ನಾರ್ವೆಯ ಅಧಿಕಾರಿಗಳು ಭಾರತೀಯ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಹೋದಾಗ ಕೈತುತ್ತು ಉಣಿಸಿದ್ದು, ಜೊತೆಗೆ ಮಲಗಿಸಿಕೊಂಡದ್ದೂ ತಕರಾರಿನ ವಿಷಯವಾಗಿತ್ತು ಎಂಬುದನ್ನು ವಿದೇಶದಲ್ಲಿರುವ ನಮ್ಮವರು ಇನ್ನೂ ಮರೆತಿಲ್ಲ. ಆದರೆ ಕಾನೂನೆಂದರೆ ಲಾಠಿಯೇ ಆಗಬೇಕಿಲ್ಲ. 1979ರಲ್ಲಿ ಮನೆಯೊಳಗಿನ ಏಟನ್ನೂ ಜಗತ್ತಿನಲ್ಲೇ ಮೊದಲು ನಿಷೇಧಿಸಿದ ಸ್ವೀಡನ್, ಆ ನಿಯಮಕ್ಕೆ ಪ್ರತ್ಯೇಕ ಶಿಕ್ಷೆಯನ್ನೇ ಇಡಲಿಲ್ಲ. ಮಕ್ಕಳಿರುವ ಮನೆಗಳಿಗೆ ಕಿರುಪುಸ್ತಕ ಕಳಿಸಿತು, ಹಾಲಿನ ಪೊಟ್ಟಣದ ಮೇಲೆ ವಿಷಯ ಅಚ್ಚು ಹಾಕಿಸಿತು. ಪಕ್ಕದ ನೇಪಾಳವೂ 2018ರಲ್ಲಿ ಮನೆಯ ಏಟನ್ನು ನಿಷೇಧಿಸಿದೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಬಾಗಿಲಿಗೆ ಬೀಳುವ ನಂದಿನಿ ಪ್ಯಾಕೆಟ್ಟಿನ ಮೇಲೆ ಎರಡು ಸಾಲಿಗೆ ಜಾಗ ಇಲ್ಲದಿಲ್ಲ.

ಆ ಸುಭಾಷಿತಕ್ಕೆ ಬರುತ್ತೇನೆ. ಹದಿನೈದು ತುಂಬುವ ತನಕ ಹೊಡೆದು, ಹದಿನಾರಕ್ಕೆ ಗೆಳೆಯನಂತೆ ಕಾಣು ಎನ್ನುತ್ತದೆ ಅದು. ಹೊಡೆಯುವವರು ಕೈ ತೊಳೆದುಕೊಂಡು ಗೆಳೆತನಕ್ಕೆ ಸಿದ್ಧರಾಗಬಹುದು, ಮಗು ಸಿದ್ಧವಾಗಬೇಕಲ್ಲ? ಹದಿನಾರರ ಹುಡುಗಿಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಅವಳದೇ ಫೋಟೊ ತಿರುಚಿ ಕಳಿಸಿ ದುಡ್ಡು ಕೇಳುವವರಿದ್ದಾರೆ. ಅಂಥವರು ಮೊದಲು ಹೇಳುವ ಮಾತು ‘ನಿಮ್ಮಪ್ಪನಿಗೆ ಕಳಿಸುತ್ತೇನೆ’ ಎಂದು. ಅವಳ ಭಯವೇ ಅವರ ಬಂಡವಾಳ, ಆ ಬಂಡವಾಳ ಮನೆಯಲ್ಲೇ ಹೂಡಿದ್ದು. ರಾತ್ರಿ ಒಂದು ಗಂಟೆಗೆ ಆ ಫೋನು ಹಿಡಿದು ಹುಡುಗಿ ಅಪ್ಪ ಅಮ್ಮನ ಕೋಣೆಯ ಬಾಗಿಲ ತನಕ ಬಂದು ನಿಲ್ಲುತ್ತಾಳೆ. ತಟ್ಟಬೇಕೋ ಬೇಡವೋ ಎಂದು ಯೋಚಿಸುವಾಗ ಅವಳ ಕಣ್ಣ ಮುಂದೆ ಬರುವುದು, ಹದಿಮೂರೇಳ್ಲ ತಪ್ಪಿದ ಸಂಜೆ ಮೇಲೆದ್ದ ಆ ಕೈ.