ಐಸಿಯು ಬಾಗಿಲಲ್ಲಿ ಸ್ಟೆಮ್ ಸೆಲ್ ಆಸೆ

ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ನಿಮಗೆ ನೆನಪಿರಬೇಕಲ್ಲವೇ? 2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮಕುಸಿತದಲ್ಲಿ ಸಿಲುಕಿ, ಆರು ದಿನದ ಮೇಲೆ ಜೀವಂತ ಸಿಕ್ಕವರು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾಗ, ಕಿಡ್ನಿ ಕೈಕೊಟ್ಟಿದೆ ಎಂಬ ಸುದ್ದಿ ಕೇಳಿ ಉತ್ತರ ಪ್ರದೇಶದ ಗೃಹಿಣಿಯೊಬ್ಬರು ತಮ್ಮದನ್ನೇ ಕೊಡ್ತೀನಿ ಅಂತ ಮುಂದೆ ಬಂದಿದ್ದರು. 11ರಂದು ಹನುಮಂತಪ್ಪ ತೀರಿಕೊಂಡರು.

ಗುರುತು ಪರಿಚಯವಿಲ್ಲದ ಹೆಣ್ಣುಮಗಳಿಗೇ ಹಾಗನ್ನಿಸಿದರೆ ಮನೆಯವರ ಪಾಡೇನು? ಆ ಹೊತ್ತಿನಲ್ಲಿ ಯಾರಾದರೂ ಬಂದು, ಸ್ಟೆಮ್ ಸೆಲ್ ಹಾಕಿಸಿ, ಕೆಟ್ಟ ಅಂಗ ಮತ್ತೆ ಚಿಗುರುತ್ತೆ ಅಂದರೆ ಹೊಲ ಮಾರಲೂ ತಯಾರಾಗುತ್ತೇವೆ. ನವಲಗುಂದ, ಅಣ್ಣಿಗೇರಿ ಕಡೆಯ ತವರಿನವರು ಇಂಥದ್ದಕ್ಕೆಲ್ಲ ಮೊದಲು ಫೋನ್ ಮಾಡೋದು ಪೇಟೆಯಲ್ಲಿರುವ ನಮಗೇ ತಾನೆ? ಅದಕ್ಕೇ ಹೇಳುತ್ತಿದ್ದೇನೆ.

ಸ್ಟೆಮ್ ಸೆಲ್ ಕಸಿ ಸುಳ್ಳಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಕಾಯಿಲೆಗಳಲ್ಲಿ ಅದು ಜೀವ ಉಳಿಸಿದೆ. ಆದರೆ ಅಲ್ಲಿ ಮೊದಲು ಜೋರಾದ ಕೀಮೋ ಕೊಟ್ಟು ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ಹೊಸ ಕೋಶಗಳು ನೆಲೆಯೂರಿ ರಕ್ತ ತಯಾರಿಸಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸಣ್ಣ ಸೋಂಕೂ ಅಪಾಯವೇ. ಅದಕ್ಕೇ ಹೃದಯ, ಶ್ವಾಸಕೋಶ, ಕಿಡ್ನಿ ತಡೆದುಕೊಳ್ಳುತ್ತವೆಯೇ ಎಂದು ಮೊದಲು ಪರೀಕ್ಷಿಸುತ್ತಾರೆ. ಉಸಿರಾಟಕ್ಕೇ ಯಂತ್ರ ಬೇಕಾದ ಜೀವ ಇದನ್ನು ತಾಳೀತೇ?

ಕೀಮೋ ಇಲ್ಲದೆ ಬರೀ ಕೋಶ ಕೊಟ್ಟರೆ? ಅದನ್ನೂ ನೋಡಿಯಾಯಿತು. ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗಕ್ಕೆ 2020ರ ಡಿಸೆಂಬರ್‌ನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಸಾವು ಕಡಿಮೆಯಾಗುವ ಲಕ್ಷಣ ಕಾಣಲಿಲ್ಲ. ಸಂಶೋಧನೆ ಬೇಡ ಅಂತ ನಾನನ್ನುವುದಿಲ್ಲ, ನಡೆಯಲಿ. ಸಂಶೋಧನೆಯನ್ನು ಚಿಕಿತ್ಸೆ ಅಂತ ಮಾರುವವರ ಮೇಲೆ ನನ್ನ ಸಿಟ್ಟು.

ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದನ್ನು ಬಿಡಿಸಿ ಹೇಳಿದೆ. ಒಪ್ಪಿಗೆ ಸಿಗದ ಬಳಕೆಯೆಲ್ಲ ಪ್ರಯೋಗ. ಅದಕ್ಕೆ ನೈತಿಕ ಸಮಿತಿಯ ಅನುಮತಿ, ನೋಂದಣಿ ಬೇಕು, ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ಹಾಗಾಗಿ ತವರಿನಿಂದ ಫೋನ್ ಬಂದರೆ ಮೊದಲು ನೋಂದಣಿ ಸಂಖ್ಯೆ ಕೇಳಿಸಿ. ಲಕ್ಷಗಟ್ಟಲೆ ಕಟ್ಟಿ ಅಂದರೋ, ಕಾಗದಕ್ಕೆ ಸಹಿ ಹಾಕದೆ ಎದ್ದು ಬರಲು ಹೇಳಿ. ಆಮೇಲೆ ಐಸಿಯು ಡಾಕ್ಟರನ್ನು ಕೂರಿಸಿಕೊಂಡು, ಇವರು ಚೇತರಿಸಿಕೊಳ್ಳುವ ಸಾಧ್ಯತೆ ಎಷ್ಟು, ನೋವಾಗದಂತೆ ಏನು ಮಾಡುತ್ತಿದ್ದೀರಿ ಅಂತ ಕೇಳಲಿ. ಇದನ್ನು ಕೇಳಲು ನಮ್ಮ ಮಂದಿ ಬಹಳ ಅಂಜುತ್ತಾರೆ. ಆದರೆ ಫೋನಿನಲ್ಲಿ ಇಷ್ಟು ಧೈರ್ಯ ಹೇಳೋಕೆ ನಾವಿದ್ದೀವಲ್ಲ.