ಅಭ್ಯಾಸದಲ್ಲಿ ಅರ್ಜುನ, ಪಂದ್ಯದಲ್ಲಿ ಉತ್ತರಕುಮಾರ?

ಕಳೆದ ತಿಂಗಳು ಬೋಗಾದಿಯ ನನ್ನ ಕ್ಲಿನಿಕ್ಕಿಗೆ ತಂದೆಯೊಬ್ಬರು ಹದಿಮೂರು ವರ್ಷದ ಮಗನನ್ನು ಕರೆತಂದರು. ಹುಡುಗನಿಗೆ ಹೊಟ್ಟೆನೋವು, ಅದೂ ಟೆನಿಸ್ ಪಂದ್ಯವಿರುವ ದಿನ ಬೆಳಿಗ್ಗೆ ಮಾತ್ರ. ಪರೀಕ್ಷಿಸಿ ನೋಡಿದೆ, ದೋಷವೇನೂ ಕಾಣಲಿಲ್ಲ. ತಂದೆಯ ದೂರು ಬೇರೆಯೇ ಇತ್ತು. "ಡಾಕ್ಟ್ರೇ, ಪ್ರಾಕ್ಟೀಸಿನಲ್ಲಿ ಇವನ ಬ್ಯಾಕ್‌ಹ್ಯಾಂಡ್ ನೋಡಬೇಕು ನೀವು. ಹತ್ತಕ್ಕೆ ಒಂಬತ್ತು ಗೆರೆಯ ಒಳಗೇ ಬೀಳುತ್ತೆ. ಮ್ಯಾಚ್ ಅಂದರೆ ಸಾಕು, ಎಲ್ಲಾ ನೆಟ್ಟಿಗೆ. ಉತ್ತರಕುಮಾರನ ಪೌರುಷ ಒಲೆ ಮುಂದೆ ಅಂತಾರಲ್ಲ, ಹಾಗೆ." ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಧೈರ್ಯಕ್ಕೆ ಮಾತ್ರೆಯೋ ಟಾನಿಕ್ಕೋ ಇದ್ದರೆ ಬರೆದುಕೊಡಿ ಎಂಬುದು ತಂದೆಯ ಬೇಡಿಕೆ.

ನಾನು ಮಾತ್ರೆ ಬರೆಯಲಿಲ್ಲ. ಟೆನಿಸ್ ಕಲಿಸುವುದು ನನ್ನ ಕೆಲಸವಲ್ಲ. ಆದರೆ ಪಂದ್ಯದ ಹೊತ್ತಿನಲ್ಲಿ ಶರೀರದಲ್ಲಿ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ತಂದೆತಾಯಿ ತಿಳಿದಿರುವುದು ಒಳ್ಳೆಯದು.

ಸೋಲುಗೆಲುವಿನ ಪ್ರಶ್ನೆ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ. ಭುಜ, ಮುಂಗೈಗಳ ಸ್ನಾಯುಗಳು ಬಿಗಿಯುತ್ತವೆ. ಬಿಗಿದ ಕೈ ರ್‍ಯಾಕೆಟ್ಟನ್ನು ಪೂರ್ತಿ ಬೀಸುವುದಿಲ್ಲ. ಚೆಂಡು ನೆಟ್ಟಿಗೆ ಬೀಳುವುದು ಆಗಲೇ. ಇದು ಹೇಡಿತನವಲ್ಲ, ಶರೀರದ ಸಹಜ ಗುಣ. ಕುರುಕ್ಷೇತ್ರದಲ್ಲಿ ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಯಿಂದ ಜಾರಿತು. ಕಾರಣ ಬೇರೆ ಇರಬಹುದು, ಶರೀರ ನಡೆದುಕೊಂಡ ರೀತಿ ಒಂದೇ.

ಇನ್ನೊಂದು ಸಂಗತಿಯೂ ಇದೆ. ದಿನವೂ ಬಾಗಿಲ ಮುಂದೆ ರಂಗೋಲಿ ಹಾಕುವ ಗೃಹಿಣಿಯ ಕೈಯಲ್ಲಿ ಎಳೆ ತಾನಾಗಿಯೇ ಹರಿಯುತ್ತದೆ. ದಸರಾ ರಂಗೋಲಿ ಸ್ಪರ್ಧೆಯಲ್ಲಿ ತೀರ್ಪುಗಾರರು ಪಕ್ಕದಲ್ಲಿ ನಿಂತರೆ ಅದೇ ಕೈ ತಡವರಿಸುತ್ತದೆ. ಕಲಿತ ಕೆಲಸವನ್ನು ಕೈಗೆ ಬಿಡದೆ, 'ಸರಿಯಾಗಿ ಮಾಡುತ್ತಿದ್ದೇನೆಯೇ' ಎಂದು ಮನಸ್ಸು ಮಧ್ಯೆ ಪ್ರವೇಶಿಸುವುದೇ ಇದಕ್ಕೆ ಕಾರಣ.

ದೊಡ್ಡ ಆಟಗಾರರೂ ಇದಕ್ಕೆ ಹೊರತಲ್ಲ. 1993ರ ವಿಂಬಲ್ಡನ್ ಫೈನಲ್ಲಿನ ಕೊನೆಯ ಸೆಟ್ಟಿನಲ್ಲಿ ಯಾನಾ ನೊವೊಟ್ನಾ 4-1ರಿಂದ ಮುಂದಿದ್ದರು. 5-1ಕ್ಕೆ ಒಂದೇ ಪಾಯಿಂಟ್ ಬೇಕಿತ್ತು. ಅಲ್ಲಿ ಡಬಲ್ ಫಾಲ್ಟ್ ಮಾಡಿದರು. ಸ್ಟೆಫಿ ಗ್ರಾಫ್ ಸತತ ಐದು ಗೇಮ್ ಗೆದ್ದು ಪ್ರಶಸ್ತಿ ಪಡೆದರು. ಅದೇ ನೊವೊಟ್ನಾ 1998ರಲ್ಲಿ ವಿಂಬಲ್ಡನ್ ಗೆದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2010ರಲ್ಲಿ ಮತ್ತು 2023ರಲ್ಲಿ ಅಮೆರಿಕನ್ ಓಪನ್ ಪುರುಷರ ಡಬಲ್ಸ್ ಫೈನಲ್ಲಿನಲ್ಲಿ ಸೋತವರು. 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಹದಿಮೂರರ ಹುಡುಗನ ಬಗ್ಗೆ ನಾವು ಇಷ್ಟು ಬೇಗ ತೀರ್ಪು ಕೊಡುವುದು ನ್ಯಾಯವೇ?

ತೊಂದರೆ ಇರುವುದು ಹುಡುಗನಲ್ಲಿ ಅಲ್ಲ, ಅಭ್ಯಾಸದ ಕ್ರಮದಲ್ಲಿ ಮತ್ತು ನಮ್ಮಲ್ಲಿ ಎಂಬುದು ನನ್ನ ಅಭಿಪ್ರಾಯ. ಅಭ್ಯಾಸದಲ್ಲಿ ಕೋಚ್ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಚೆಂಡು ಹಾಕುತ್ತಾರೆ. ತಪ್ಪಿದರೆ ಬುಟ್ಟಿಯಲ್ಲಿ ಇನ್ನೊಂದಿದೆ. ಪಂದ್ಯದಲ್ಲಿ ಎರಡು ಚೆಂಡು ಒಂದೇ ರೀತಿ ಬರುವುದಿಲ್ಲ. ತಪ್ಪಿದರೆ ಪಾಯಿಂಟ್ ಹೋಯಿತು. ಆದ್ದರಿಂದ ಅಭ್ಯಾಸದಲ್ಲೂ ಅಂಕ ಎಣಿಸಿ ಆಡಲಿ. 30-40ರಲ್ಲಿ ಎರಡನೇ ಸರ್ವ್ ಎಂದು ಆಟ ಶುರುಮಾಡಲಿ. ಅಂಗಳಕ್ಕೆ ಎರಡು ಸುತ್ತು ಓಡಿ, ಎದೆ ಬಡಿಯುತ್ತಿರುವಾಗಲೇ ಸರ್ವ್ ಮಾಡಲಿ. ಗೆಳೆಯರು ನಿಂತು ನೋಡಲಿ. ಎದೆಬಡಿತ ಹೊಸದಲ್ಲ ಎಂದು ಶರೀರ ಕಲಿಯುವುದು ಹೀಗೆಯೇ.

ಪಾಯಿಂಟುಗಳ ನಡುವೆ ನಿಯಮದ ಪ್ರಕಾರ 25 ಸೆಕೆಂಡು ಸಿಗುತ್ತದೆ. ಆ ಹೊತ್ತಿನಲ್ಲಿ ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ಎಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಬೇಕು. ಭುಜ ಸಡಿಲಿಸಬೇಕು. ಪ್ರತಿ ಸರ್ವಿಗೂ ಮುಂಚೆ ಅಷ್ಟೇ ಸಲ ಚೆಂಡು ಪುಟಿಸಬೇಕು. ಮೊಣಕೈ ಎಲ್ಲಿದೆ ಎಂದು ಯೋಚಿಸದೆ, ಚೆಂಡು ಎಲ್ಲಿ ಬೀಳಬೇಕು ಎಂಬುದನ್ನು ಮಾತ್ರ ನೋಡಬೇಕು. ಪಂದ್ಯಕ್ಕೆ ಎರಡು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣಿನಂಥ ಹಗುರ ಆಹಾರ ಸಾಕು. ಆಗಾಗ್ಗೆ ನೀರು ಕುಡಿಯಲಿ.

ಇನ್ನು ಮಾತ್ರೆಯ ವಿಷಯ. ಎದೆಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್‌ನಂಥ ಔಷಧಿಯನ್ನು ಯಾರದೋ ಮಾತು ಕೇಳಿ ಅಂಗಡಿಯಿಂದ ತಂದು ಕೊಡಬೇಡಿ. ಆಸ್ತಮಾ ಇರುವ ಮಗುವಿಗೆ ಅದು ಪ್ರಾಣಾಪಾಯ ತರಬಹುದು. ಶೂಟಿಂಗ್, ಬಿಲ್ಲುಗಾರಿಕೆಗಳಲ್ಲಿ ಅದು ನಿಷಿದ್ಧ ಮದ್ದು ಕೂಡ. ಹಾಗೆಯೇ ಎಲ್ಲವನ್ನೂ 'ನರ್ವಸ್' ಎಂದು ತಳ್ಳಿಹಾಕಬೇಡಿ. ಆಡುವಾಗ ತಲೆಸುತ್ತಿ ಬೀಳುವುದು, ಎದೆನೋವು, ಉಬ್ಬಸ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ತೂಕ ಇಳಿಯುವುದು - ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕೊನೆಯ ಮಾತು ಪಾಲಕರಿಗೆ. ಬೇಲಿಯ ಪಕ್ಕ ನಿಂತು ಪ್ರತಿ ತಪ್ಪಿಗೂ ಹಣೆ ಚಚ್ಚಿಕೊಳ್ಳುವ ಅಪ್ಪನನ್ನು ಮಗು ಚೆಂಡಿಗಿಂತ ಹೆಚ್ಚು ನೋಡುತ್ತದೆ. ಮನೆಗೆ ಬರುವ ದಾರಿಯಲ್ಲಿ 'ಆ ಶಾಟ್ ಯಾಕೆ ಬಿಟ್ಟೆ' ಎಂಬ ವಿಚಾರಣೆ ಬೇಡ. 'ಹಸಿವಾಗಿದೆಯೇನೋ' ಎಂದು ಕೇಳಿ, ಸಾಕು. ಮನೆಯಲ್ಲಿ ಪಾಠವನ್ನೆಲ್ಲ ಒಪ್ಪಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯಲ್ಲಿ ಮರೆಯುವ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆ.

ಆ ಹುಡುಗ ಮೊನ್ನೆ ನೆಗಡಿಗೆಂದು ಬಂದಿದ್ದ. ಮತ್ತೊಂದು ಪಂದ್ಯ ಆಡಿದನಂತೆ, ಸೋತನಂತೆ. ಹೊಟ್ಟೆನೋವು? "ಇರಲಿಲ್ಲ ಡಾಕ್ಟರ್. ಅಪ್ಪ ಆವತ್ತು ಕಾರಿನಲ್ಲೇ ಪೇಪರ್ ಓದ್ತಾ ಕೂತಿದ್ದರು" ಎಂದ. ತಂದೆ ನಕ್ಕರು. ನನಗೆ ಅರ್ಧ ಚಿಕಿತ್ಸೆ ಮುಗಿದಂತೆ ಕಂಡಿತು.