ಬಡಕೇರಿಯ ತೊಟ್ಟಿಲು

ಹದಿನಾರರ ಹುಡುಗಿ ಬಸಿರಾದಳೆಂದು ಕೇಳಿದೊಡನೆ, ಯಾವ ದೇಶದಲ್ಲಿಯೇ ಆಗಲಿ, ಅನುಕೂಲಸ್ಥರು ಆಡುವ ಮೊದಲ ಮಾತು, "ಅಯ್ಯೋ, ಅವಳ ಬಾಳು ಹಾಳಾಯಿತು!" ಎಂಬುದು. ಆ ಹುಡುಗಿಯೂ ಹಾಗೆಯೇ ಎಣಿಸುವಳೆ? ಅವಳನ್ನೇ ಕೇಳುವವರು ವಿರಳ.

ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞೆಯರು, ಕ್ಯಾಥರಿನ್ ಎಡಿನ್ ಮತ್ತು ಮರಿಯಾ ಕೆಫಾಲಸ್, ಕೇಳಿದರು. ಫಿಲಡೆಲ್ಫಿಯ ನಗರದ ಬಡಕೇರಿಗಳಲ್ಲಿಯೂ ಡೆಲವೇರ್ ನದಿಯ ಆಚೆ ದಡದ ಕ್ಯಾಮ್ಡನ್ ಪಟ್ಟಣದಲ್ಲಿಯೂ ಐದು ವರ್ಷಗಳ ಅವಧಿಯಲ್ಲಿ 162 ಮಂದಿ ಬಡ ಒಂಟಿ ತಾಯಂದಿರ ಮಾತನ್ನು ಆಲಿಸಿ, 2005ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಈ ತಾಯಂದಿರಲ್ಲಿ ಅನೇಕರು ಚೊಚ್ಚಲ ಮಗುವನ್ನು ಹೆತ್ತದ್ದು ಹದಿಹರೆಯದಲ್ಲಿಯೇ.

ಕ್ಯಾಮ್ಡನ್ ಒಂದು ಕಾಲಕ್ಕೆ ಹಡಗುಗಳನ್ನೂ ಗ್ರಾಮಫೋನುಗಳನ್ನೂ ತಯಾರಿಸುತ್ತಿದ್ದ ಊರು. ಅಲ್ಲಿಯ ದೊಡ್ಡ ಹಡಗು ಕಾರ್ಖಾನೆ 1967ರಲ್ಲಿ ಮುಚ್ಚಿತು. ಬೇರೆ ಕಾರ್ಖಾನೆಗಳೂ ಒಂದೊಂದಾಗಿ ಕದವಿಕ್ಕಿದವು. ಇಂಥ ಊರಿನ ಬಡ ಹುಡುಗಿಗೆ ಕಾಲೇಜು, ಒಳ್ಳೆಯ ನೌಕರಿ, ಸ್ವಂತ ಮನೆ ಎಲ್ಲವೂ ದೂರದ ಬೆಟ್ಟ. ತಾಯ್ತನವೊಂದೇ ಕೈಗೆಟಕುವ ಗೌರವ.

ಮದುವೆಯನ್ನು ಅವರು ಹಗುರವಾಗಿ ಕಂಡವರಲ್ಲ. ನಂಬತಕ್ಕ ಗಂಡು, ಸ್ಥಿರವಾದ ಸಂಪಾದನೆ, ತಮ್ಮದೂ ಒಂದಿಷ್ಟು ಗಳಿಕೆ ಕೂಡಿಬರುವವರೆಗೆ ಮದುವೆ ಕಾಯಬಹುದು. ಮಗುವೇಕೆ ಕಾಯಬೇಕು ಎಂಬುದು ಅವರ ತರ್ಕ. ನಿನ್ನಿಂದ ನನಗೊಂದು ಮಗು ಬೇಕು ಎಂದು ಹುಡುಗನು ಹೇಳುವುದೇ ಆ ಕೇರಿಗಳಲ್ಲಿ ದೊಡ್ಡ ಮೆಚ್ಚುಗೆ. ಬಸಿರಿನ ತಿಂಗಳುಗಳು ಮುಂದುವರಿದಂತೆ ಎಷ್ಟೋ ಹುಡುಗರ ಆ ಮೆಚ್ಚುಗೆ ಕರಗಿತು. ಭಾರವೆಲ್ಲ ಹೆತ್ತವಳ ಮೇಲೆಯೇ ಬಿತ್ತು. ಆದರೂ, ಮಗು ಬಾರದಿದ್ದರೆ ತಾವು ಬೀದಿಪಾಲಾಗುತ್ತಿದ್ದೆವು, ಮಗುವೇ ತಮ್ಮನ್ನು ಉಳಿಸಿತು ಎಂದ ತಾಯಂದಿರು ಅನೇಕರು.

ಇದನ್ನು ಕೇಳಿ ಮರುಗಬಹುದು, ಮೆರೆಸಬೇಕಾಗಿಲ್ಲ. ಎಳೆಯ ತಾಯಂದಿರಿಗೆ ಅಕಾಲ ಪ್ರಸವದ ಭಯ ಹೆಚ್ಚು. ಕೂಸು ಕಡಿಮೆ ತೂಕದ್ದಾಗಿ ಹುಟ್ಟುವ ಭಯವೂ ಹೆಚ್ಚು. ಓದು ನಡುವೆಯೇ ನಿಂತುಹೋಗುವುದೂ ಉಂಟು.

ಅಮೆರಿಕದಲ್ಲಿ 1991ರಲ್ಲಿ 15ರಿಂದ 19 ವರ್ಷದ ಸಾವಿರ ಹುಡುಗಿಯರಿಗೆ ಸುಮಾರು 62 ಹೆರಿಗೆಗಳಾದವು. 2020ರಲ್ಲಿ ಸುಮಾರು 15. ಗರ್ಭನಿರೋಧಕ ಸಾಧನಗಳ ಬಳಕೆ ಹೆಚ್ಚಿದ್ದು ಈ ಇಳಿತಕ್ಕೆ ಒಂದು ಮುಖ್ಯ ಕಾರಣ. ಸಾಧನ ಕೈಗೆ ಸಿಕ್ಕರೆ ಅರ್ಧ ಕೆಲಸವಾದಂತೆ. ಅದನ್ನು ಬಳಸುವ ಮನಸ್ಸು ಹುಟ್ಟಬೇಕಾದರೆ ನಾಳೆಯ ಮೇಲೆ ನಂಬಿಕೆಯಿರಬೇಕು. ತಾಯ್ತನವನ್ನು ಮುಂದೂಡು ಎಂದು ಬಡ ಹುಡುಗಿಗೆ ಬುದ್ಧಿ ಹೇಳುವ ಸಮಾಜವು, ಮುಂದೆ ಅವಳಿಗಾಗಿ ಏನನ್ನು ಕಾದಿರಿಸಿದೆ ಎಂಬುದನ್ನೂ ತೋರಿಸಬೇಡವೆ?